ಗೋಡೆಗೆ ಅನುಮತಿ ಕೇಳಿದವಳು

ಆ ಕಾಗದ ಬರೆದದ್ದು ನಾನೇ. ಇಲ್ಲ ಅನ್ನುವುದಿಲ್ಲ. ಆದರೆ ಬರಿ ಎಂದು ಕೈ ಎತ್ತಿದವರು ಇಪ್ಪತ್ತೊಂದು ಜನ, ಅದೂ ನನ್ನ ಬಾರಿನಲ್ಲಿ ಕೂತು, ನಾನು ಸುರಿದ ಬಾರ್ಬೆರಾ ವೈನ್ ಕುಡಿಯುತ್ತ. ಈಗ ಕೇಳಿ ನೋಡಿ, ಆ ಇಪ್ಪತ್ತೊಂದು ಕೈಗಳೂ ಆವತ್ತು ಜೇಬಿನೊಳಗೇ ಇದ್ದವಂತೆ.

ನನ್ನ ಹೆಸರು ಕ್ಲೆಲಿಯಾ. ಮೊಂತೆರೊವೆರೊದ ಚೌಕದಲ್ಲಿ, ಕೋಟೆಮನೆಯ ಎದುರಿಗಿರುವ ಬಾರು ನನ್ನದು. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಊಟ, ಸಂಜೆ ವೈನು, ಜೊತೆಗೆ ಸಿಗರೇಟು, ಅಂಚೆಚೀಟಿ. ಇಪ್ಪತ್ತೆಂಟು ವರ್ಷದಿಂದ ಗೋಡೆಚೆಂಡಿನ ಅಂಕ ಕೂಗುವವಳೂ ನಾನೇ. ಆರು ವರ್ಷದಿಂದ ಆಟದ ಸಂಘದ ಅಧ್ಯಕ್ಷೆ ಕೂಡ. ಬೇರೆ ಯಾರಿಗೂ ಅದು ಬೇಕಿರಲಿಲ್ಲ, ನನ್ನ ತಲೆಗೆ ಕಟ್ಟಿದರು.

ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಪ್ರತಿ ಭಾನುವಾರ ಮಧ್ಯಾಹ್ನ ಚೌಕದಲ್ಲಿ ಆಟ. ಈ ಕಡೆ ನಾಲ್ಕು ಜನ, ಆ ಕಡೆ ನಾಲ್ಕು ಜನ, ಕೈಯಲ್ಲಿ ಚರ್ಮ ಬಿಗಿದ ಸಣ್ಣ ತಮಟೆ, ಪಕ್ಕದಲ್ಲಿ ಉದ್ದಕ್ಕೂ ಕೋಟೆಮನೆಯ ಗೋಡೆ. ತಮಟೆಯಿಂದ ಹೊಡೆದ ಚೆಂಡು ಯಾವ ಕಲ್ಲಿಗೆ ಬಿದ್ದರೆ ಯಾವ ಕಡೆಗೆ ಚಿಮ್ಮುತ್ತದೆ ಎಂಬುದು ನಮ್ಮೂರ ಗಂಡಸರಿಗೆ ಹೆಂಡತಿಯ ಸಿಟ್ಟಿಗಿಂತ ಚೆನ್ನಾಗಿ ಗೊತ್ತು. ಗೋಡೆಯಿಲ್ಲದೆ ಆಟವಿಲ್ಲ. ಆಚೆ ಗುಡ್ಡದ ಎರಡು ಊರುಗಳಲ್ಲಿ ಗೋಡೆ ಒಡೆದು ಕಿಟಕಿ ಇಟ್ಟರು. ಅಲ್ಲಿ ಭಾನುವಾರ ಈಗ ಕಾರು ನಿಲ್ಲಿಸುತ್ತಾರೆ.

ಕೋಟೆಮನೆಯನ್ನು ನಾಲ್ಕು ವರ್ಷದ ಹಿಂದೆ ಮಿಲಾನಿನ ಇಂಜಿನಿಯರ್ ಬೆಸೊತ್ಸಿ ಕೊಂಡುಕೊಂಡ. ಅದರ ಒಡತಿ ಮುದಿ ಕೌಂಟೆಸ್ ಸತ್ತ ಮೇಲೆ ಪಾರಿವಾಳಗಳೇ ಸಂಸಾರ ಹೂಡಿದ್ದ ಮನೆ ಅದು. ಅದಕ್ಕೆ ಹೆಂಚು ಹೊದಿಸಿ, ಕೋಣೆಗೊಂದು ಸ್ನಾನದ ಮನೆ ಹಾಕಿಸಿ, ಗಾಲ್ಫ್ ಆಡಲು ಬರುವ ಪರದೇಶದವರಿಗೆ ಹೋಟೆಲು ಮಾಡಿದ. ಗಾಲ್ಫ್ ಮೈದಾನ ಕೆಳಗೆ ಹೊಳೆಯ ಬಯಲಿನಲ್ಲಿದೆ, ಕಾರಿನಲ್ಲಿ ಹತ್ತು ನಿಮಿಷ. ನನ್ನ ಅಣ್ಣನ ಮಗಳು ಒರ್ನೆಲ್ಲಾಗೆ ಅಲ್ಲಿ ಕೆಲಸ ಸಿಕ್ಕಿತು. ಬರುವವರ ರಜೆಯನ್ನು ದಿನದಿನಕ್ಕೂ ಹೊಂದಿಸುವುದು ಅವಳ ಕೆಲಸ. ಯಾವ ಬೆಳಿಗ್ಗೆ ಗಾಲ್ಫ್, ಯಾವ ಮಧ್ಯಾಹ್ನ ಚರ್ಚು, ಯಾವ ಸಂಜೆ ಯಾರ ನೆಲಮಾಳಿಗೆಯಲ್ಲಿ ವೈನು, ಎಲ್ಲವನ್ನೂ ಅವಳೇ ಬರೆಯಬೇಕು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವಳು ಕಂಪ್ಯೂಟರ್ ಬಗಲಿಗಿಟ್ಟುಕೊಂಡು ಬಂದಳು.

"ಅತ್ತೆ, ಡೆನ್ಮಾರ್ಕಿಂದ ಹದಿನಾರು ಜನ ಬರ್ತಾರೆ, ಜೂನ್ ಕೊನೇಲಿ. ಒಂದು ವಾರ. ನನ್ ತಲೆ ಓಡ್ತಾ ಇಲ್ಲ, ಸ್ವಲ್ಪ ನೋಡು."

"ಕಾಫಿ ಕುಡಿ ಮೊದ್ಲು. ಏನು ಬರ್ದಿದೀಯ, ಓದು."

"ಶುಕ್ರವಾರ ಬರ್ತಾರೆ. ಶನಿವಾರ ಎಂಟೂ ಇಪ್ಪತ್ತಕ್ಕೆ ಗಾಲ್ಫ್ ಶುರು. ಸೋಮವಾರ ಮತ್ತೆ ಗಾಲ್ಫ್, ಊಟ ಆದ್ಮೇಲೆ ಕ್ರೇಯಾ ಬೆಟ್ಟದ ಪ್ರಾರ್ಥನಾಮಂದಿರಗಳು..."

"ಊಟ ಆದ್ಮೇಲಾ? ಜೂನ್ ಬಿಸಿಲಲ್ಲಿ ಅರವತ್ತು ದಾಟಿದೋರನ್ನ ಆ ಬೆಟ್ಟ ಹತ್ತಿಸ್ತೀಯಾ? ನಾಲ್ಕು ಜನಾನ ನೀನು ಹೊತ್ಕೊಂಡ್ ಇಳೀಬೇಕಾಗತ್ತೆ ಅಷ್ಟೆ. ಬೆಳಿಗ್ಗೆ ಬೆಟ್ಟ, ಸಂಜೆ ಗಾಲ್ಫ್ ಮಾಡು."

ಹೀಗೆ ಇಡೀ ವಾರವನ್ನು ನಾನು ತಿದ್ದಿದೆ. ಕಾಸಾಲೆಯ ಪೇಟೆಗೆ ಹೋಗುವ ದಿನ ಬದಲಿಸಿದೆ, ಬಸ್ಸಿನವನಿಗೆ ನಾನೇ ಫೋನು ಮಾಡಿ ಗದರಿಸಿದೆ, ಬೆಳ್ಳುಳ್ಳಿ ತಿನ್ನದ ಮೂವರಿಗೆ ಬೇರೆ ಅಡುಗೆ ಎಂದು ಗುರುತು ಹಾಕಿಕೊಂಡೆ. ಖುಷಿಯಾಗಿಯೇ ಮಾಡಿದೆ. ಕೊನೆಗೆ ಉಳಿದದ್ದು ಭಾನುವಾರ.

"ಭಾನುವಾರಕ್ಕೆ ಏನ್ ಹುಡುಕ್ತೀಯೇ? ನನ್ ಕೈಯಿಂದ ಮಾಂಸ ತುಂಬಿದ ಆಞೊಲೊತ್ತಿ ಕಡುಬಿನ ಊಟ, ಆಮೇಲೆ ಇಲ್ಲೇ ಕುರ್ಚಿ ಹಾಕಿ ಗೋಡೆಚೆಂಡು ತೋರ್ಸು. ಹಸಿರು ಹುಲ್ಲಿನ ಮೇಲೆ ಪಿಸಪಿಸ ಅಂತ ಆಡೋ ಜನ, ಒಂದಿನ ಕಿರಿಚಾಡೋ ಆಟಾನೂ ನೋಡ್ಲಿ."

ಒರ್ನೆಲ್ಲಾ ಎದ್ದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಎರಡು ದಿನ ಬಿಟ್ಟು ಮತ್ತೆ ಬಂದಳು.

"ಇಂಜಿನಿಯರ್ ಸಾಹೇಬ್ರು ಒಪ್ಪಿದಾರೆ ಅತ್ತೆ. ಕುರ್ಚಿ ಅವರೇ ಕೊಡ್ತಾರಂತೆ. ಸಂಘದಿಂದ ಒಂದು ಕಾಗದ ಬೇಕಂತೆ, ಕಡತಕ್ಕೆ. ಗೋಡೆ ಹತ್ರ ಆಟ ಆಡೋಕೆ ಅನುಮತಿ ಕೊಡಿ ಅಂತ. ವಿಮೆಯವರು ಕೇಳ್ತಾರಂತೆ."

ನನಗೆ ಅದರಲ್ಲಿ ಏನೂ ಕಾಣಲಿಲ್ಲ. ಕುರ್ಚಿ ಕೊಡುವವನಿಗೆ ಎರಡು ಸಾಲು ಮರ್ಯಾದೆಯ ಮಾತು ಬರೆದರೆ ಗಂಟೇನು ಹೋಗುತ್ತದೆ? ಆದರೂ ಸಂಘದವರನ್ನು ಕೇಳದೆ ನಾನು ಉಸಿರೂ ಬಿಡುವವಳಲ್ಲ. ಆ ಗುರುವಾರ ಸಂಜೆ ಎಲ್ಲರೂ ಬಾರಿನಲ್ಲಿದ್ದರು. ಒರ್ನೆಲ್ಲಾ ಕೂಡ ನಡುವಿನ ಮೇಜಿನಲ್ಲೇ ಕೂತಿದ್ದಳು. ವಿಷಯ ಹೇಳಿದೆ, ಕೈ ಎತ್ತಿ ಅಂದೆ. ಇಪ್ಪತ್ತೊಂದೂ ಕೈ ಮೇಲಕ್ಕೆ ಹೋದವು. ಸೆಕೊಂದೊ ಅಂತೂ ಗ್ಲಾಸು ಹಿಡಿದ ಕೈಯನ್ನೇ ಎತ್ತಿದ. ಒಂದು ಕಾಲದಲ್ಲಿ ಈ ಸುತ್ತಿನ ಊರುಗಳಲ್ಲೆಲ್ಲ ಅವನಂಥ ಆಟಗಾರ ಇರಲಿಲ್ಲ. ಈಗ ಎಪ್ಪತ್ತೊಂದು ವರ್ಷ, ತಂಡದ ಯಜಮಾನ.

"ಚೆನ್ನಾಗಿ ಬರಿ ಕ್ಲೆಲಿಯಾ, ತಮ್ಮ, ತಾವು ಅಂತೆಲ್ಲ ಹಾಕು. ಮಿಲಾನಿನೋರಿಗೆ ಬೆಣ್ಣೆ ಹಚ್ಚಿದಷ್ಟೂ ಇಷ್ಟ," ಅಂದ.

ಹಚ್ಚಿದೆ. 'ಮಾನ್ಯ ಇಂಜಿನಿಯರ್ ಅವರಿಗೆ, ಭಾನುವಾರಗಳಂದು ನಮ್ಮ ಆಟಕ್ಕಾಗಿ ತಮ್ಮ ಗೋಡೆಯನ್ನು ಬಳಸಿಕೊಳ್ಳಲು ತಾವು ದಯವಿಟ್ಟು ಅನುಮತಿ ನೀಡಬೇಕೆಂದು ಮೊಂತೆರೊವೆರೊ ಗೋಡೆಚೆಂಡು ಸಂಘ ಬೇಡಿಕೊಳ್ಳುತ್ತದೆ.' ಕೆಳಗೆ ನನ್ನ ಸಹಿ, ಸಂಘದ ಮೊಹರು. ವಾರದೊಳಗೆ ಉತ್ತರ ಬಂತು, ದಪ್ಪ ಕಾಗದದಲ್ಲಿ. ಈ ವರ್ಷದ ಸೆಪ್ಟೆಂಬರ್ ಕೊನೆಯವರೆಗೆ ಅನುಮತಿ ನೀಡಲು ಸಂತೋಷವಾಗುತ್ತದೆ ಎಂದು. ನಾನೆಂಥ ದಡ್ಡಿ ಅಂದರೆ, ಅದಕ್ಕೆ ಚೌಕಟ್ಟು ಹಾಕಿಸಿ ಕಾಫಿ ಯಂತ್ರದ ಮೇಲೆ ನೇತುಹಾಕಿದೆ. ಎಲ್ಲರಿಗೂ ಒಂದೊಂದು ಗ್ಲಾಸು ಬಿಟ್ಟಿ ಕೊಟ್ಟೆ.

ಮೇ ತಿಂಗಳಲ್ಲಿ ಎವಾಸಿಯೊ ಊರಿಗೆ ವಾಪಸು ಬಂದ. ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಚಳಿಗಾಲವೆಲ್ಲ ತೊರಿನೊದಲ್ಲಿ ಮಗಳ ಮನೆಯಲ್ಲಿದ್ದವನು. ಕಾಸಾಲೆಯ ನೋಟರಿಯ ಕಚೇರಿಯಲ್ಲಿ ನಲವತ್ತು ವರ್ಷ ಗುಮಾಸ್ತೆಯಾಗಿದ್ದವನು, ಊರಿನ ಯಾವ ಪತ್ರವೂ ಅವನ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ. ಕೋಲು ಊರಿಕೊಂಡು ಬಾರಿಗೆ ಬಂದ, ಕಾಫಿ ಕೇಳಿದ, ಚೌಕಟ್ಟು ನೋಡಿದ, ಓದಿದ. ಮುಖ ಸುಣ್ಣದ ಹಾಗಾಯಿತು.

"ಇದಕ್ಕೆ ಮುಂಚೆ ನೀವೇನಾದ್ರೂ ಬರ್ದಿದ್ರಾ?"

"ಬರ್ದಿದ್ವಿ. ಅನುಮತಿ ಕೇಳಿ."

"ತಮ್ಮ ಗೋಡೆ ಅಂತ ಬರ್ದಿದ್ರಾ?"

"ಮರ್ಯಾದೆಗೆ ಬರ್ದೆ ಮಾರಾಯ. ಯಾಕೆ?"

ಎವಾಸಿಯೊ ಕುರ್ಚಿ ಎಳೆದುಕೊಂಡು ಕೂತ. ಸೊಂಟ ನೋಯುತ್ತಿತ್ತೇನೋ, ನಿಧಾನಕ್ಕೆ ಕೂತ.

"ಕ್ಲೆಲಿಯಾ, ನಮ್ಮಪ್ಪ, ಅವರಪ್ಪ, ಅವರಪ್ಪನ ಅಪ್ಪ, ಯಾರಾದ್ರೂ ಕೌಂಟ್ ಮನೆಯೋರನ್ನ ಕೇಳಿ ಆಡಿದ್ರಾ? ಯಾರನ್ನೂ ಕೇಳ್ದೆ ಇಷ್ಟು ಕಾಲ ಆಡ್ಕೊಂಡ್ ಬಂದಿದ್ರಲ್ಲ, ಅದಕ್ಕೇ ಅದು ಊರಿನ ಹಕ್ಕಾಗಿತ್ತು. ಗೋಡೆ ಯಾರದ್ದೇ ಆಗ್ಲಿ, ಅದರ ಮೇಲೆ ಕಿಟಕಿ ಇಡೋಕೆ ಯಾವನಿಗೂ ಆಗ್ತಿರ್ಲಿಲ್ಲ. ಈಗ ಸಂಘಾನೇ ಬರ್ದು ಕೊಟ್ಟಿದೆ, ಇದು ನಿನ್ನ ಉಪಕಾರ ಕಣಪ್ಪ, ನೀನು ಬೇಡ ಅಂದ ದಿನ ಎದ್ದು ಹೋಗ್ತೀವಿ ಅಂತ. ಅವನು ಸೆಪ್ಟೆಂಬರ್‌ವರ್ಗೂ ಅಂದಿದಾನೆ. ಅಕ್ಟೋಬರಲ್ಲಿ ಏನು ಮಾಡ್ತಾನೋ ನೋಡ್ಕೋ."

ಅಕ್ಟೋಬರಿನವರೆಗೆ ಕಾಯಬೇಕಾಗಲಿಲ್ಲ. ಮರುವಾರವೇ ಪುರಸಭೆಯ ಫಲಕದಲ್ಲಿ ಅರ್ಜಿ ಅಂಟಿಸಿದ್ದರು: ಕೋಟೆಮನೆಯ ಚೌಕದ ಕಡೆಯ ಗೋಡೆಯಲ್ಲಿ ಹನ್ನೊಂದು ಕಿಟಕಿಗಳು, ಗಾಲ್ಫ್ ಅತಿಥಿಗಳ ಹೊಸ ಕೋಣೆಗಳಿಗಾಗಿ. ಆಧಾರವಾಗಿ ಲಗತ್ತಿಸಿದ್ದು ನನ್ನ ಕಾಗದ. ನನ್ನ ಅಕ್ಷರ, ನನ್ನ ಸಹಿ, ಊರ ಹಾದಿಯಲ್ಲಿ ಎಲ್ಲರ ಕಣ್ಣಿಗೆ. ಮೈಯೆಲ್ಲ ಉರಿದುಹೋಯಿತು. ಅಲ್ಲಿಂದ ನೇರವಾಗಿ ಹೋಟೆಲಿಗೆ ನುಗ್ಗಿದೆ. ಒರ್ನೆಲ್ಲಾ ಮೇಜಿನ ಹಿಂದೆ ಕೂತು ಡೆನ್ಮಾರ್ಕಿನವರ ಬಸ್ಸಿನ ಸಮಯ ಹೊಂದಿಸುತ್ತಿದ್ದಳು.

"ಥೂ ನಿನ್ನ! ಸ್ವಂತ ಅತ್ತೆ ಕೈಲೇ ಬರೆಸ್ಕೊಂಡ್ಯಲ್ಲೇ!"

"ಅತ್ತೆ, ನಂಗೊತ್ತಿರ್ಲಿಲ್ಲ. ದೇವರಾಣೆ."

"ವಿಮೆಯಂತೆ, ಕಡತವಂತೆ! ಕಿಟಕಿ ವಿಷ್ಯ ಗೊತ್ತಿತ್ತೋ ಇಲ್ವೋ, ಅದು ಹೇಳು."

ಅವಳು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ಅಂದಳು, "ಕಿಟಕಿ ಇಡ್ಬೇಕು ಅಂತಿದ್ರು. ಎಲ್ಲಿ ಅಂತ ಕೇಳ್ಲಿಲ್ಲ. ಆ ಕಾಗದದಿಂದ ಹೀಗಾಗತ್ತೆ ಅಂತ ನಂಗೆಲ್ಲಿ ಗೊತ್ತಾಗ್ಬೇಕು ಅತ್ತೆ?"

"ಕೇಳ್ಲಿಲ್ಲ! ಯಾರಿಗೆ ಬೆಳ್ಳುಳ್ಳಿ ಆಗಲ್ಲ ಅಂತ ಕೇಳ್ದೋಳಿಗೆ ಕಿಟಕಿ ಎಲ್ಲಿಡ್ತಾರೆ ಅಂತ ಕೇಳೋಕೆ ನಾಲಿಗೆ ಬಿದ್ದುಹೋಗಿತ್ತಾ?"

ಹುಡುಗಿ ಅಳತೊಡಗಿದಳು. ನನಗೆ ಕರುಣೆ ಬರಲಿಲ್ಲ. ಬರಬೇಕಿತ್ತೋ ಏನೋ, ಆದರೆ ಬರಲಿಲ್ಲ. ಅವಳು ಅಳುತ್ತಿರುವಾಗಲೇ ಬೆಸೊತ್ಸಿ ಒಳಗಿನಿಂದ ಬಂದ, ಗಾಲ್ಫಿನ ಬಿಳಿ ಕೈಗವಸು ಒಂದೇ ಕೈಗೆ ಹಾಕಿಕೊಂಡು. "ಕ್ಲೆಲಿಯಾ ಅವ್ರೇ, ಕೂತ್ಕೊಳ್ಳಿ. ನಿಮ್ಮ ಕಾಗದ ಎಷ್ಟು ಚೆನ್ನಾಗಿತ್ತು!" ಎಂದು ನಕ್ಕ. ನಾನು ಏನಂದೆ ಎಂದು ಇಲ್ಲಿ ಬರೆಯುವ ಹಾಗಿಲ್ಲ.

ಅರ್ಜಿಯ ವಿಚಾರಣೆ ಜೂನ್ ಕೊನೆಯ ಗುರುವಾರ ಎಂದಾಯಿತು. ಅದಕ್ಕೆ ಎರಡು ವಾರವಿರುವಾಗ, ಮಧ್ಯಾಹ್ನ ಮೂರು ಗಂಟೆಗೆ, ಸಂಘದವರೆಲ್ಲ ಒಟ್ಟಿಗೆ ಬಾರಿಗೆ ಬಂದರು. ಆ ಹೊತ್ತಿಗೆ ಯಾರೂ ಬರುವುದಿಲ್ಲ, ಎಲ್ಲರೂ ಮಲಗಿರುತ್ತಾರೆ. ಬಂದವರು ಕಾಫಿ ಕೇಳಿದರು. ಕಾಫಿ ಮುಗಿಯಿತು. ಗ್ರಪ್ಪಾ ಸಾರಾಯಿ ಕೇಳಿದರು. ಎಲ್ಲರೂ ಎವಾಸಿಯೊನ ಮುಖ ನೋಡಿದರು, ಎವಾಸಿಯೊ ತನ್ನ ಕೋಲು ನೋಡಿದ.

"ಏನ್ ಹೆಣ ಇಟ್ಕೊಂಡ್ ಕೂತಿದೀರಾ ಇಲ್ಲಿ? ಬಾಯಿ ಬಿಡ್ರೋ," ಅಂದೆ.

ಎವಾಸಿಯೊ ಕೆಮ್ಮಿದ. "ಸಂಘದ ನಿಯಮ ಗೊತ್ತಲ್ಲ ಕ್ಲೆಲಿಯಾ. ಹೊರಗಿನೋರಿಗೆ ಕಾಗದ ಬರೀಬೇಕಾದ್ರೆ ಸದಸ್ಯರ ನಿರ್ಣಯ ಬೇಕು, ಅದು ಪುಸ್ತಕದಲ್ಲಿ ಇರ್ಬೇಕು. ಮಾರ್ಚಿನ ನಿರ್ಣಯ ಪುಸ್ತಕದಲ್ಲಿ ಬರ್ದಿದೀಯಾ?"

"ಪುಸ್ತಕ ಬರೆಯೋದು ನವೆಂಬರಲ್ಲಿ, ವರ್ಷದ ಊಟದ ದಿನ. ನಿಂಗೊತ್ತಿಲ್ವಾ? ನಿಮ್ಮಪ್ಪನ ಕಾಲದಿಂದ ಹಾಗೇ."

"ಹಾಗಾದ್ರೆ ಪುಸ್ತಕದಲ್ಲಿ ಇಲ್ಲ. ನಿರ್ಣಯ ಇಲ್ಲ ಅಂದ್ರೆ ಆ ಕಾಗದ ಸಂಘದ್ದಲ್ಲ. ಒಬ್ಬ ಹೆಂಗಸು ತನ್ನ ತಲೆಗೆ ತೋಚಿದ್ದು ಬರ್ದು, ಕದ್ದು ಮೊಹರು ಒತ್ತಿದ್ಲು, ಅಷ್ಟೆ. ಅದರಿಂದ ಊರಿನ ಹಕ್ಕು ಹೋಗಲ್ಲ."

ಸ್ವಲ್ಪ ಹೊತ್ತು ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಎವಾಸಿಯೊನ ಮುಖಕ್ಕೆ ಎಸೆದೆ.

"ಕದ್ದು? ನಾನು ಕದ್ದು ಒತ್ತಿದ್ನಾ? ಸೆಕೊಂದೊ, ಗ್ಲಾಸು ಸಮೇತ ಕೈ ಎತ್ತಿದೋನು ಯಾರೋ? ಬೆಣ್ಣೆ ಹಚ್ಚು ಅಂದೋನು ಯಾರೋ?"

"ನಾನೇ," ಅಂದ ಸೆಕೊಂದೊ, ನೆಲ ನೋಡುತ್ತ. "ನಮಗೆಲ್ಲ ಗೊತ್ತು ಕ್ಲೆಲಿಯಾ. ಆದ್ರೆ ನಾವು ಇಪ್ಪತ್ತೊಂದು ಜನ ಹೇಳಿದ್ರೆ ಸಾಲಲ್ಲ, ಗೋಡೆಗೋಸ್ಕರ ಹೇಳ್ತಿದಾರೆ ಅಂತಾರೆ. ನೀನೇ ಒಪ್ಕೊಂಡ್ರೆ ಮಾತ್ರ ನಂಬ್ತಾರೆ. ನೀನು ಯಾವತ್ತೂ ಸುಳ್ಳು ಅಂಕ ಕೂಗಿದೋಳಲ್ಲ."

"ಅದಕ್ಕೇ ಈಗ ಕೂಗು ಅಂತೀಯಾ?"

ಇಪ್ಪತ್ತೆಂಟು ವರ್ಷ ನಾನು ಆ ಗೋಡೆಯ ಕೆಳಗೆ ನಿಂತಿದ್ದೇನೆ. ನನ್ನ ಗಂಡ ಬದುಕಿದ್ದಾಗ ಅವನು ಹೊಡೆದ ಚೆಂಡು ಗೆರೆ ದಾಟಿದರೆ ದಾಟಿತು ಅಂತಲೇ ಕೂಗಿದ್ದೇನೆ. ಒಮ್ಮೆ ಅದರಿಂದಲೇ ಊರು ಸೋತಿತು, ನನ್ನ ಗಂಡ ವಾರವಿಡೀ ಮಾತು ಬಿಟ್ಟ. ಪಕ್ಕದೂರಿನ ತಂಡಗಳು ಬೇರೆ ಕಡೆ ಆಡಲು ಹೋದಾಗ ಅಂಕ ಕೂಗುವವರ ಜೊತೆ ಹೊಡೆದಾಡುತ್ತವೆ, ಇಲ್ಲಿಗೆ ಬಂದರೆ ತಕರಾರೇ ಇಲ್ಲ. ನನ್ನ ಹತ್ತಿರ ಇದ್ದದ್ದು ಅದೊಂದೇ. ಅದನ್ನು ಕೇಳಲು ಬಂದಿದ್ದರು, ಗ್ರಪ್ಪಾ ಕುಡಿದು.

"ಎದ್ದೇಳಿ. ಎಲ್ರೂ ಎದ್ದು ಹೊರಗೆ ನಡೀರಿ. ಹೇಡಿಗಳಾ! ಕಿಟಕಿ ಇಟ್ರೆ ಇಡ್ಲಿ, ಅದರೊಳಗಿಂದ ಡೆನ್ಮಾರ್ಕಿನೋರು ನಿಮ್ಮ ಮುಖ ನೋಡ್ಲಿ!"

ಹೋದರು, ಬಾಲ ಮುದುರಿಕೊಂಡು. ಗ್ರಪ್ಪಾದ ದುಡ್ಡೂ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಬಾರಿನ ಬಾಗಿಲು ತೆಗೆದಾಗ ಚೌಕದಲ್ಲಿ ಇಬ್ಬರು ಏಣಿ ಹಾಕಿಕೊಂಡಿದ್ದರು. ಬೆಸೊತ್ಸಿಯ ಅಳತೆಗಾರರು. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಚೌಕಗಳನ್ನು ಬರೆಯುತ್ತಿದ್ದರು. ಒಪ್ಪಿಗೆ ಇನ್ನೂ ಸಿಕ್ಕಿರಲೇ ಇಲ್ಲ, ಅಷ್ಟು ಧೈರ್ಯ. ನಾನು ನಿಂತು ಎಣಿಸಿದೆ, ಹನ್ನೊಂದು. ಮೂರನೆಯದು ಸರಿಯಾಗಿ ಹಳದಿ ಕಲ್ಲಿನ ಮೇಲೆ ಬಿದ್ದಿತ್ತು. ಅಲ್ಲಿಗೆ ತಗುಲಿಸಿದರೆ ಚೆಂಡು ನೆಲಕ್ಕೆ ಅಂಟಿಕೊಂಡು ಓಡುತ್ತದೆ, ಎತ್ತಲು ಯಾರಿಂದಲೂ ಆಗುವುದಿಲ್ಲ. ಅಲ್ಲಿ ಪರದೆ ತೂಗುತ್ತದೆ ಇನ್ನು. ಯಾರೋ ಹೆಂಗಸು ತಲೆ ಬಾಚಿಕೊಳ್ಳುತ್ತ ಕೆಳಗೆ ನೋಡುತ್ತಾಳೆ.

ಆಗ ನನಗೆ ಬಂದ ಸಿಟ್ಟಿನ ಮುಂದೆ ಹಿಂದಿನ ದಿನದ್ದು ಏನೂ ಅಲ್ಲ. ಏಪ್ರನ್ ಕೂಡ ಬಿಚ್ಚದೆ ಸೆಕೊಂದೊನ ಮನೆಗೆ ಹೋಗಿ ಬಾಗಿಲು ಬಡಿದೆ. ಅವನು ಅರ್ಧ ಗಡ್ಡ ಕೆರೆದುಕೊಂಡು, ಇನ್ನರ್ಧ ನೊರೆಯಲ್ಲೇ ಬಂದ.

"ಹೇಳ್ತೀನಿ ಕಣೋ. ನಾನೇ ಕದ್ದು ಬರ್ದೆ ಅಂತ ಹೇಳ್ತೀನಿ. ಆದ್ರೆ ಅರ್ಧಂಬರ್ಧ ನಾಟಕ ಬೇಡ. ಸಂಘಕ್ಕೆ ಮೋಸ ಮಾಡಿದೋರಿಗೆ ನಿಯಮ ಏನಿದೆ?"

"ಕ್ಲೆಲಿಯಾ, ಅಷ್ಟೆಲ್ಲ ಬೇಡ..."

"ಏನಿದೆ?"

"ಹೆಸರು ಹೊಡೆದುಹಾಕೋದು. ಆಟದ ಅಂಗಳಕ್ಕೆ ಕಾಲಿಡೋ ಹಾಗಿಲ್ಲ. ಅಂಕ ಕೂಗೋ ಹಾಗಿಲ್ಲ. ಯಾವತ್ತೂ."

"ಅದನ್ನೇ ಮಾಡಿ. ಪುಸ್ತಕದಲ್ಲಿ ಬರೀರಿ, ಇವತ್ತೇ. ನವೆಂಬರ್‌ಗೆ ಕಾಯ್ಬೇಡಿ ಈ ಸಲ! ನನ್ನ ಸುಮ್ನೆ ಬಿಟ್ರೆ ಇದು ನಾಟಕ ಅಂತ ಅವನ ವಕೀಲನಿಗೆ ಗೊತ್ತಾಗ್ದೇ ಇರತ್ತಾ?"

ಸೆಕೊಂದೊ ನೊರೆ ಒರೆಸಿಕೊಳ್ಳುತ್ತ ಅತ್ತ. ಅಳಬೇಕಾದವಳು ನಾನು, ಅತ್ತವನು ಅವನು. ಅದೂ ನನಗೆ ಸಿಟ್ಟೇ ತರಿಸಿತು.

ವಿಚಾರಣೆಯ ದಿನ ಪುರಸಭೆಯ ಕೋಣೆ ತುಂಬಿ ಹೊರಗಿನ ಮೆಟ್ಟಿಲಿನವರೆಗೂ ಜನ. ಮೇಯರ್ ನಡುವೆ ಕೂತಿದ್ದರು. ಒಂದು ಕಡೆ ಬೆಸೊತ್ಸಿ ಮತ್ತು ಅವನ ವಕೀಲ, ಅವರ ಪಕ್ಕದಲ್ಲಿ ಒರ್ನೆಲ್ಲಾ, ಮಡಿಲಲ್ಲಿ ಕಡತ. ಎವಾಸಿಯೊ ಸಂಘದ ಪುಸ್ತಕ ತೋರಿಸಿದ, ಮಾರ್ಚಿನಲ್ಲಿ ಯಾವ ನಿರ್ಣಯವೂ ಇಲ್ಲ ಅಂದ, ನನ್ನನ್ನು ಹೊರಗೆ ಹಾಕಿದ ಪುಟ ತೋರಿಸಿದ. ವಕೀಲ ಮೂಗಿನಲ್ಲೇ ನಕ್ಕ. ಬೆಸೊತ್ಸಿ ಅವನ ತೋಳು ಮುಟ್ಟಿ ಸುಮ್ಮನಾಗಿಸಿ ತಾನೇ ಎದ್ದ.

"ಕ್ಲೆಲಿಯಾ ಅವ್ರೇ, ಈ ಊರಿಗೆ ಬಂದಾಗಿಂದ ಒಂದು ಮಾತು ಕೇಳ್ತಿದೀನಿ. ನೀವು ಸುಳ್ಳು ಹೇಳಿದ್ದನ್ನ ಯಾರೂ ನೋಡಿಲ್ಲ ಅಂತ. ಅವರೆಲ್ಲ ಏನ್ ಬೇಕಾದ್ರೂ ಹೇಳ್ಲಿ, ನಾನು ನಿಮ್ಮನ್ನ ಮಾತ್ರ ಕೇಳ್ತೀನಿ. ಆ ಕಾಗದದ ವಿಷ್ಯ ಇವರಿಗೆ ಗೊತ್ತಿರ್ಲಿಲ್ವಾ?"

ಅವನು ಮೂರ್ಖನಲ್ಲ. ಎಲ್ಲಿ ಒತ್ತಿದರೆ ನೋಯುತ್ತದೆ ಎಂದು ಗೊತ್ತಿದ್ದೇ ಒತ್ತಿದ. ನನ್ನ ಬೆನ್ನ ಹಿಂದೆ ಆ ಇಪ್ಪತ್ತೊಂದು ಜನ ನಿಂತಿದ್ದರು.

"ಗೊತ್ತಿರ್ಲಿಲ್ಲ," ಅಂದೆ. "ಯಾರಿಗೂ ಗೊತ್ತಿರ್ಲಿಲ್ಲ. ಅಧ್ಯಕ್ಷೆ ನಾನು, ಇವರನ್ನೆಲ್ಲ ಏನ್ ಕೇಳೋದು ಅಂತ ನಾನೇ ಬರ್ದೆ. ಡೆನ್ಮಾರ್ಕಿನೋರಿಂದ ನನ್ ಬಾರಿಗೆ ನಾಲ್ಕು ಕಾಸು ಬರತ್ತೆ ಅಂತ ಬರ್ದೆ. ಊರಿಗೆ ಮೋಸ ಮಾಡ್ದೆ."

ಕಾಸಿನ ಮಾತು ಯಾರೂ ಹೇಳಿಕೊಟ್ಟದ್ದಲ್ಲ. ಹಾಗೆ ಹೇಳಿದರೆ ನಂಬುತ್ತಾರೆ ಎಂದು ಆ ಕ್ಷಣಕ್ಕೆ ತೋಚಿತು. ನಂಬಿದರು ಕೂಡ. ಹಿಂದಿನ ಸಾಲಿನಲ್ಲಿದ್ದ ಹೆಂಗಸರಿಗೆ ಒಳಗಿನ ವಿಷಯ ಗೊತ್ತಿರಲಿಲ್ಲ, ಅವರ ನಡುವಿನಿಂದ ಒಬ್ಬಳು "ಛೀ" ಅಂದದ್ದು ಕೇಳಿಸಿತು.

ಬೆಸೊತ್ಸಿ ಬಿಡಲಿಲ್ಲ. ಒರ್ನೆಲ್ಲಾಳ ಕಡೆ ತಿರುಗಿದ. "ನೀನು ಆವತ್ತು ಬಾರಿನಲ್ಲೇ ಇದ್ದೆ ಅಲ್ವಾ? ಕೈ ಎತ್ತಿದ್ದು ನೋಡಿದ್ಯಲ್ಲ. ನಂಗೆ ನೀನೇ ಹೇಳಿದ್ದೆ."

ಒರ್ನೆಲ್ಲಾ ಎದ್ದು ನಿಂತಳು. ನನ್ನ ಕಡೆ ನೋಡಲಿಲ್ಲ. "ಇದ್ದೆ ಸಾರ್. ಆದ್ರೆ ಫೋನ್ ಬಂದಿತ್ತು, ಹೊರಗೆ ಹೋಗಿದ್ದೆ. ನಾನೇನೂ ನೋಡಿಲ್ಲ. ನಿಮಗೆ ಹಾಗೆ ಹೇಳಿದ್ದೂ ನೆನಪಿಲ್ಲ." ಹೇಳಿ ಕೂತಳು. ಕಡತವನ್ನು ಅವನ ಮುಂದಿನ ಮೇಜಿನ ಮೇಲಿಟ್ಟಳು.

ಮೇಯರ್ ಅರ್ಜಿಯನ್ನು ತಿರಸ್ಕರಿಸಿದರು. ಕೋಣೆಯಲ್ಲಿ ಕೂಗೋ ಕೂಗು. ನಾನು ಹೊರಗೆ ಬರುವಾಗ ಜನ ಎರಡೂ ಕಡೆಗೆ ಸರಿದು ದಾರಿ ಬಿಟ್ಟರು. ಮರ್ಯಾದೆಗೆ ಬಿಟ್ಟದ್ದಲ್ಲ. ನಮ್ಮ ಬಾರಿಗೆ ಮೂವತ್ತು ವರ್ಷದಿಂದ ಬರುವ ಬೇಕರಿಯವಳು ನನ್ನನ್ನು ನೋಡಿ ಮುಖ ತಿರುಗಿಸಿದಳು. ಅವಳಿಗೆ ನಿಜ ಹೇಳುವ ಹಾಗಿಲ್ಲ. ಒಬ್ಬಳಿಗೆ ಹೇಳಿದರೆ ಸಂಜೆಗೆ ಬೆಸೊತ್ಸಿಯ ಕಿವಿಗೆ ಬೀಳುತ್ತದೆ, ಮೇಲ್ಮನವಿ ಹಾಕುತ್ತೇನೆ ಎಂದು ಅವನ ವಕೀಲ ಮೆಟ್ಟಿಲಲ್ಲೇ ಹೇಳಿಯಾಗಿತ್ತು.

ಶುಕ್ರವಾರ ಡೆನ್ಮಾರ್ಕಿನವರು ಬಂದರು. ನಾನು ಹೊಂದಿಸಿದ ರಜೆ ನಾನು ಹೊಂದಿಸಿದ ಹಾಗೇ ನಡೆಯಿತು. ಭಾನುವಾರ ಹದಿನಾರೂ ಜನ ನನ್ನ ಬಾರಿನಲ್ಲಿ ಆಞೊಲೊತ್ತಿ ತಿಂದು, ರೊಟ್ಟಿಯಿಂದ ತಟ್ಟೆ ಒರೆಸಿ, ಕುರ್ಚಿಗಳ ಮೇಲೆ ಸಾಲಾಗಿ ಕೂತರು. ಗೋಡೆಯ ಮೇಲೆ ಹನ್ನೊಂದು ಕೆಂಪು ಚೌಕಗಳು ಹಾಗೇ ಇದ್ದವು, ಅಳಿಸಲು ಯಾರಿಗೂ ತೋಚಿರಲಿಲ್ಲ. ಬೆಸೊತ್ಸಿ ಮೇಲಿನ ಜಗಲಿಯಲ್ಲಿ ಬಿಳಿ ಟೋಪಿ ಹಾಕಿಕೊಂಡು ನಿಂತಿದ್ದ, ಪಕ್ಕದ ಕುರ್ಚಿಯಲ್ಲಿ ಅವನ ವಕೀಲ. ಆಟ ಪಕ್ಕದ ಗ್ರಾಂದಾಲೆಯ ತಂಡದ ಜೊತೆ. ನಾನು ಬಾರಿನ ಹೊಸ್ತಿಲ ಒಳಗೆ ನಿಂತಿದ್ದೆ, ಯಾಕೆಂದರೆ ಹೊಸ್ತಿಲ ಆಚೆಗೆ ಆಟದ ಅಂಗಳ.

ಅಂಕ ಕೂಗಲು ಅಂಚೆಯ ರೆಮೊನನ್ನು ನಿಲ್ಲಿಸಿದ್ದರು. ಮನೆ ನಂಬರು ಓದಲು ಕನ್ನಡಕ ಎರಡು ಸಲ ಒರೆಸುವ ಮನುಷ್ಯ. ಮೊದಲ ಹತ್ತು ಆಟದಲ್ಲೇ ನಾಲ್ಕು ತಪ್ಪು ಕೂಗಿದ. ಒಂದೊಂದಕ್ಕೂ ಹಲ್ಲು ಕಚ್ಚಿಕೊಂಡು ಲೋಟ ಒರೆಸಿದೆ, ಒರೆಸಿದ್ದನ್ನೇ ಒರೆಸಿದೆ.

ಹತ್ತೊಂಬತ್ತು ಆಟ ಮೊದಲು ಗೆದ್ದವರದ್ದು ಪಂದ್ಯ. ಎರಡೂ ಕಡೆ ಹದಿನೆಂಟಾಯಿತು. ಕೊನೆಯ ಆಟದಲ್ಲೂ ನಲವತ್ತು ನಲವತ್ತು, ಇನ್ನೊಂದು ಅಂಕ ಗೆದ್ದವರೇ ಗೆದ್ದ ಹಾಗೆ. ನಮ್ಮವರು ಹೊಡೆದ ಚೆಂಡು ಗೋಡೆಗೆ ಬಡಿದು, ಗ್ರಾಂದಾಲೆಯವರ ತಲೆಯ ಮೇಲಿಂದ ಹಾರಿ, ಹಿಂದಿನ ಗೆರೆಯ ಹತ್ತಿರ ಬಿತ್ತು. ಸರಿಯಾಗಿ ನನ್ನ ಬಾಗಿಲ ಮುಂದೆ.

ರೆಮೊ ಬಾಯಿ ತೆರೆದ, ಮುಚ್ಚಿದ. ಕನ್ನಡಕ ತೆಗೆದ. ನಮ್ಮವರು "ಒಳಗೆ" ಅಂದರು, ಗ್ರಾಂದಾಲೆಯವರು "ಹೊರಗೆ" ಅಂದರು. ತಮಟೆಗಳು ನೆಲಕ್ಕೆ ಬಿದ್ದವು, ಕೊರಳಪಟ್ಟಿಗೆ ಕೈಗಳು ಹೋದವು. ಡೆನ್ಮಾರ್ಕಿನವರು ಎದ್ದು ನಿಂತರು. ಆಗ ಗ್ರಾಂದಾಲೆಯ ಯಜಮಾನ ತನ್ನ ಹುಡುಗರನ್ನು ಹಿಂದಕ್ಕೆ ತಳ್ಳಿ ನನ್ನ ಬಾಗಿಲಿನ ಕಡೆ ತಿರುಗಿದ.

"ಕ್ಲೆಲಿಯಾ ಅಕ್ಕ ಅಲ್ಲೇ ನಿಂತಿದಾರೆ, ಅವರು ನೋಡಿದಾರೆ. ಅವರು ಹೇಳ್ಲಿ. ಅವರು ಏನಂದ್ರೂ ನಮಗೆ ಒಪ್ಪಿಗೆ."

ಅವನಿಗೆ ಗುರುವಾರದ ಸುದ್ದಿ ತಲುಪಿರಲಿಲ್ಲವೋ, ತಲುಪಿಯೂ ನಂಬಿರಲಿಲ್ಲವೋ. ಚೌಕದಲ್ಲಿದ್ದ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಸೆಕೊಂದೊ ಕೂಡ. ಇಪ್ಪತ್ತೆಂಟು ವರ್ಷದ ಅಭ್ಯಾಸ, ಅವನಿಗೇ ಗೊತ್ತಿಲ್ಲದ ಹಾಗೆ ಬಾಯಿಂದ ಬಂತು.

"ಒಳಗೋ ಹೊರಗೋ, ಕ್ಲೆಲಿಯಾ?"

ಮೇಲೆ ಜಗಲಿಯಲ್ಲಿ ಬಿಳಿ ಟೋಪಿ ಮುಂದಕ್ಕೆ ಬಾಗಿತು. ಪಕ್ಕದಲ್ಲಿ ವಕೀಲ ಕೂಡ ಎದ್ದು ನಿಂತ. ಇಡೀ ಊರೇ ನನ್ನ ಮಾತು ಕೇಳಿ ಅದರಂತೆ ನಡೆದದ್ದನ್ನು ಅವರು ನೋಡಿದರೆ, ಗುರುವಾರ ಹೇಳಿದ್ದೆಲ್ಲ ಏನು ಎಂದು ಕೇಳಲು ಅವರಿಗೆ ಇನ್ನೇನು ಬೇಕು?

"ನನ್ನ ಕೇಳ್ತೀಯೇನೋ ಸೆಕೊಂದೊ?" ಎಂದು ಕಿರುಚಿದೆ. ಗೋಡೆಗೆ ಬಡಿದು ವಾಪಸು ಬರುವ ಹಾಗೆ ಕಿರುಚಿದೆ. "ಮೋಸಗಾತಿ ಅಂತ ಪುಸ್ತಕದಲ್ಲಿ ಬರ್ದಿದೀರಲ್ಲ! ಮೋಸಗಾತಿ ಹತ್ರ ಅಂಕ ಕೇಳೋಕೆ ನಾಚಿಕೆ ಆಗಲ್ವಾ? ನಿಮ್ಮ ಚೆಂಡು, ನಿಮ್ಮ ಗೋಡೆ, ನೀವೇ ನೋಡ್ಕೊಳ್ರೋ!"

ಕಬ್ಬಿಣದ ಬಾಗಿಲನ್ನು ಮೇಲಿನಿಂದ ಎಳೆದು ಧಡಾರನೆ ಕೆಳಗಿಳಿಸಿದೆ. ಆಮೇಲೆ ರೆಮೊನ ತೆಳ್ಳನೆಯ ದನಿ "ಒಳಗೆ" ಎಂದಿತು. ನಮ್ಮವರು ಕೇಕೆ ಹಾಕಿದರು, ಡೆನ್ಮಾರ್ಕಿನವರು ಚಪ್ಪಾಳೆ ತಟ್ಟಿದರು. ಗ್ರಾಂದಾಲೆಯವರು ಬೈಯುತ್ತ ತಮಟೆಗಳನ್ನು ಚೀಲಕ್ಕೆ ತುಂಬಿಕೊಳ್ಳುವುದು ಕೇಳಿಸಿತು.

ನಾನು ಕತ್ತಲಲ್ಲಿ ಕೌಂಟರಿಗೆ ಎರಡೂ ಕೈ ಊರಿ ನಿಂತಿದ್ದೆ.

"ಹೊರಗೆ," ಅಂದೆ, ನನಗೊಬ್ಬಳಿಗೇ ಕೇಳುವಷ್ಟು. "ಎರಡು ಬೆರಳು ಹೊರಗೆ."